ಆಳಂದ, ಅಫಜಲಪುರ, ಜೇವರ್ಗಿಗೆ ರಾತ್ರಿ ಉಳಿಯುವ ಡಾಕ್ಟರು ಬೇಕು

ಕಲಬುರಗಿ ನಗರ ಈಗ ದೊಡ್ಡ ದವಾಖಾನೆಗಳ ಊರು. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜಿನ ಜೊತೆಗೆ ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು, ಸರ್ಕಾರದ ಜಿಮ್ಸ್, ಇಎಸ್‌ಐಸಿ ಕಾಲೇಜು ಸೇರಿ ನಾಲ್ಕು ಮೆಡಿಕಲ್ ಕಾಲೇಜುಗಳಾಗಿವೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಇದೆ. 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. ಹಿಂದುಳಿದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪನ್ನು ಹಾಸಿಗೆಗಳ ಸಂಖ್ಯೆಯಲ್ಲೇ ಇಟ್ಟುಕೊಂಡ ಕಟ್ಟಡ ಅದು. ಇವೆಲ್ಲ ಬೇಕಾಗಿದ್ದವು, ತಡವಾಗಿಯಾದರೂ ಬಂದವು. ಆದರೆ ಆಳಂದ ಮತ್ತು ಜೇವರ್ಗಿ ಪಟ್ಟಣಗಳು ಇವುಗಳಿಂದ ಸುಮಾರು 40 ಕಿ.ಮೀ. ದೂರ, ಅಫಜಲಪುರ ಅದಕ್ಕಿಂತಲೂ ಆಚೆ. ಪಟ್ಟಣ ಬಿಟ್ಟು ಗಡಿಯಂಚಿನ ಹಳ್ಳಿಯಿಂದ ಲೆಕ್ಕ ಹಿಡಿದರೆ ದಾರಿ ಇನ್ನೂ ಬೆಳೆಯುತ್ತದೆ. ಈ ಮೂರು ತಾಲ್ಲೂಕುಗಳಿಗೆ ಮುಂದಿನ ಹತ್ತು ವರ್ಷ ಆರೋಗ್ಯದ ಹೆಸರಿನಲ್ಲಿ ಬರುವ ಹಣದ ಮೊದಲ ಪಾಲು ಅಲ್ಲೇ ಮನೆ ಮಾಡಿ ರಾತ್ರಿ ಉಳಿಯುವ ವೈದ್ಯರು, ನರ್ಸುಗಳು ಮತ್ತು ಮನೆ ಮನೆ ತಿರುಗುವ ಕಾರ್ಯಕರ್ತೆಯರ ಮೇಲೆ ಖರ್ಚಾಗಬೇಕು. ನಗರದ ಹೊಸ ಕಟ್ಟಡಗಳು ಎರಡನೆಯ ಸಾಲಿನಲ್ಲಿ ನಿಲ್ಲಬೇಕು. ನನ್ನ ವಾದ ಇಷ್ಟೇ. ಅದಕ್ಕೆ ಕಾರಣಗಳಿವೆ, ಅದರ ವಿರುದ್ಧ ಹೇಳಬಹುದಾದ ಮಾತುಗಳೂ ಇವೆ.

ಹೆರಿಗೆಯಿಂದಲೇ ಶುರು ಮಾಡೋಣ, ಏಕೆಂದರೆ ಆರೋಗ್ಯ ವ್ಯವಸ್ಥೆಯ ಬಲಾಬಲ ಬೇರೆಲ್ಲಕ್ಕಿಂತ ಬೇಗ ಅಲ್ಲಿ ಕಾಣುತ್ತದೆ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ತಾಯಿಯ ಪ್ರಾಣ ಎರಡೇ ಗಂಟೆಯಲ್ಲಿ ಹೋಗಬಹುದು. ಆಗ ಬೇಕಾಗುವುದು ಪ್ರಸೂತಿ ತಜ್ಞೆ, ಅರಿವಳಿಕೆ ಕೊಡುವ ವೈದ್ಯ, ಮಕ್ಕಳ ವೈದ್ಯ, ರಕ್ತ ಶೇಖರಣಾ ಘಟಕ, ಮತ್ತು ರಾತ್ರಿ ಪಾಳಿಯ ನರ್ಸು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಉಳಿದವರ ಕೈ ಕಟ್ಟಿದಂತೆ. ಪ್ರಸೂತಿ ತಜ್ಞೆ ಇದ್ದು ಅರಿವಳಿಕೆ ತಜ್ಞ ಇಲ್ಲದ ದವಾಖಾನೆಯಲ್ಲಿ ಸಿಸೇರಿಯನ್ ಆಗುವುದಿಲ್ಲ. ಗರ್ಭಿಣಿಯನ್ನು 'ಕಲಬುರಗಿಗೆ ಬರೆದು ಕೊಡುತ್ತಾರೆ'. ದೇಶದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞ ವೈದ್ಯರ ಪೈಕಿ ಸುಮಾರು ಶೇ. 80ರಷ್ಟು ಮಂದಿ ಇಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯದ ಗ್ರಾಮೀಣ ಆರೋಗ್ಯ ಅಂಕಿಅಂಶಗಳೇ ಹೇಳಿವೆ. ಹಾಗೆಂದ ಮೇಲೆ ಬರೆದು ಕೊಡುವುದು ಯಾವುದೋ ಒಬ್ಬ ವೈದ್ಯನ ಆಲಸ್ಯವಲ್ಲ, ಅದು ವ್ಯವಸ್ಥೆಯ ನಿತ್ಯದ ನಡೆ. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ ಕೇರಳದಲ್ಲಿ 19. ರಾಜ್ಯದ ಸರಾಸರಿಯೇ ನೆರೆಯ ರಾಜ್ಯದ ಮೂರೂವರೆ ಪಟ್ಟು ಇರುವಾಗ ರಾಜ್ಯದ ಅತಿ ಹಿಂದುಳಿದ ತಾಲ್ಲೂಕುಗಳ ಸ್ಥಿತಿ ಸರಾಸರಿಗಿಂತ ಮೇಲಿದೆ ಎಂದು ನಂಬಲು ಯಾವ ಆಧಾರವೂ ಇಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ತಲ್ಲಣಿಸಿತು, ತನಿಖೆಗಳು ನಡೆದವು. ಅದು ಆಗಲೇಬೇಕಿತ್ತು. ಆದರೆ ಆಂಬುಲೆನ್ಸಿನಲ್ಲಿ, ದಾರಿಯ ಮಧ್ಯೆ, ಯಾವ ಆಸ್ಪತ್ರೆಯ ಲೆಕ್ಕಕ್ಕೂ ಪೂರ್ತಿ ಸೇರದೆ ಆಗುವ ಸಾವುಗಳಿಗೆ ಅಂಥ ಗದ್ದಲ ಏಳುವುದಿಲ್ಲ.

ಈ ತಾಲ್ಲೂಕುಗಳ ಭೂಗೋಳವೂ ನಗರದ ದವಾಖಾನೆಯನ್ನು ನೆಚ್ಚಿ ಕೂರಲು ಬಿಡುವುದಿಲ್ಲ. ಜೇವರ್ಗಿ ಮತ್ತು ಕಲಬುರಗಿಯ ನಡುವೆ ಭೀಮಾ ನದಿ ಇದೆ. ಕಟ್ಟಿಸಂಗಾವಿ ಸೇತುವೆ ದಾಟದೆ ಜೇವರ್ಗಿಯ ರೋಗಿ ಜಿಮ್ಸ್ ಮುಟ್ಟಲಾರ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟು ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ನದಿದಂಡೆಯ ಹಳ್ಳಿಗಳು ಜಲಾವೃತವಾದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಜಿಲ್ಲೆ ಮತ್ತೆ ಅಂಥದೇ ಪ್ರವಾಹ ಕಂಡಿತು. ಘತ್ತರಗಿ, ದೇವಲ ಗಾಣಗಾಪುರದ ಸೇತುವೆಗಳು ಮುಳುಗಿದ ಸುದ್ದಿ ಈ ಭಾಗದ ಓದುಗರಿಗೆ ಹೊಸದಲ್ಲ. ಸೇತುವೆ ಮುಳುಗಿದ ದಿನ ನದಿಯ ಈಚೆ ದಡದಲ್ಲಿ ಯಾರಿದ್ದಾರೋ ಅವರೇ ವೈದ್ಯ, ಅವರೇ ನರ್ಸು. ಆಳಂದದ ಕಥೆ ಬೇರೆ. ಅದರ ಪಶ್ಚಿಮದ ಹಳ್ಳಿಗಳಿಗೆ ಸೊಲ್ಲಾಪುರವೂ ಅಕ್ಕಲಕೋಟೆಯೂ ಹತ್ತಿರದ ಪೇಟೆ. ಅಫಜಲಪುರದ ಗಡಿ ಊರುಗಳಿಗೂ ಹಾಗೆಯೇ. ಕಾಯಿಲೆ ಗಟ್ಟಿಯಾದರೆ ಜನ ಸೊಲ್ಲಾಪುರದ ದವಾಖಾನೆಗಳಿಗೆ ಹೋಗುತ್ತಾರೆ, ಹೊಲ ಒತ್ತೆ ಇಟ್ಟಾದರೂ ಬಿಲ್ಲು ಕಟ್ಟುತ್ತಾರೆ. ಅವರ ರೋಗ, ಚಿಕಿತ್ಸೆ, ಸಾಲ ಯಾವುದೂ ನಮ್ಮ ಜಿಲ್ಲೆಯ ದಾಖಲೆಗೆ ಬರುವುದಿಲ್ಲ. ಇನ್ನು ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳು. ಅವರ ಮಕ್ಕಳ ಚುಚ್ಚುಮದ್ದು ಎಲ್ಲಿ ತಪ್ಪಿತು, ಗರ್ಭಿಣಿಯ ರಕ್ತ ಪರೀಕ್ಷೆ ಯಾವ ತಿಂಗಳು ಆಗಲಿಲ್ಲ ಎಂಬುದು ಊರಿನ ಆಶಾ ಕಾರ್ಯಕರ್ತೆಗೆ ಮಾತ್ರ ಗೊತ್ತಿರಬಲ್ಲ ಸಂಗತಿ.

ಹಾವು ಕಡಿತವನ್ನು ಬಿಟ್ಟು ತೊಗರಿ ನಾಡಿನ ಆರೋಗ್ಯದ ಮಾತು ಮುಗಿಯುವುದಿಲ್ಲ. ತೊಗರಿ ಮತ್ತು ಕಬ್ಬಿನ ಹೊಲಗಳಲ್ಲಿ ದುಡಿಯುವವರಿಗೆ ಇದು ಪ್ರತಿ ಹಂಗಾಮಿನ ಭಯ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಒಳ್ಳೆಯ ಕೆಲಸ. ಆದರೆ ವಿಷ ಏರುವುದು ನಿಮಿಷಗಳ ಲೆಕ್ಕದಲ್ಲಿ. ಪ್ರತಿವಿಷದ ಬಾಟಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಇರಬೇಕು, ಅದನ್ನು ಕೊಡುವ ವೈದ್ಯ ಅಲ್ಲಿರಬೇಕು, ಪ್ರತಿವಿಷಕ್ಕೆ ಮೈ ಒಗ್ಗದೆ ರೋಗಿ ಕುಸಿದರೆ ಸಂಭಾಳಿಸುವ ಧೈರ್ಯವೂ ತರಬೇತಿಯೂ ಆ ವೈದ್ಯನಿಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮತ್ತೆ ಅದೇ ಕಲಬುರಗಿ ರಸ್ತೆ. ವೈದ್ಯನಿಲ್ಲದ ಜಾಗವನ್ನು ಆರ್‌ಎಂಪಿ ಎಂದು ಬೋರ್ಡು ಹಾಕಿಕೊಂಡವರು ತುಂಬುತ್ತಾರೆ. ಎಲ್ಲ ಜ್ವರಕ್ಕೂ ಸಲಾಯಿನ್ ಹಚ್ಚುತ್ತಾರೆ, ಎಲ್ಲ ನೋವಿಗೂ ಸೂಜಿ ಮಾಡುತ್ತಾರೆ. ಅವರ ಮೇಲೆ ದಾಳಿ ಮಾಡಿ ಬಾಗಿಲು ಮುಚ್ಚಿಸುವುದು ಸುಲಭ. ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಸರಿಯಾದ ಇನ್ನೊಂದು ಬಾಗಿಲು ತೆರೆಯದಿದ್ದರೆ ಅವರು ಮುಂದಿನ ಊರಿನಲ್ಲಿ ಮತ್ತೆ ತೆರೆಯುತ್ತಾರೆ.

ಈ ಕೊರತೆಗೆ ಬಹಳ ಹಳೆಯ ಬೇರುಗಳಿವೆ. ಮೈಸೂರು ಸಂಸ್ಥಾನ 1930ರ ದಶಕದ ಹೊತ್ತಿಗೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ, ಇಂದಿನ ರಾಮನಗರವಾದ ಕ್ಲೋಸ್‌ಪೇಟೆಯಲ್ಲಿ ಗ್ರಾಮೀಣ ಆರೋಗ್ಯ ಘಟಕಗಳನ್ನು ನಡೆಸುತ್ತಿತ್ತು. ನಿಜಾಮರ ಆಳ್ವಿಕೆಯ ಈ ಭಾಗ ಅಂಥ ಪ್ರಯೋಗಗಳಿಂದ ದೂರವೇ ಉಳಿದು 1956ರಲ್ಲಿ ಕರ್ನಾಟಕ ಸೇರಿತು. 2001ರಲ್ಲಿ ಡಾ. ಎಚ್. ಸುದರ್ಶನ್ ನೇತೃತ್ವದ ಆರೋಗ್ಯ ಕಾರ್ಯಪಡೆ ಉತ್ತರ ಮತ್ತು ದಕ್ಷಿಣದ ಜಿಲ್ಲೆಗಳ ನಡುವಿನ ಅಂತರವನ್ನು ಸರ್ಕಾರದ ಮುಂದಿಟ್ಟಿತು. ಮರುವರ್ಷ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಅಂದು ಹಣವಿಲ್ಲ ಎನ್ನುವ ಉತ್ತರವಿತ್ತು. ಇಂದು ಹಾಗೆ ಹೇಳುವಂತಿಲ್ಲ. 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಕ್ಕೊಂದು ಅಭಿವೃದ್ಧಿ ಮಂಡಳಿ ಇದೆ, 2023–24ರ ಬಜೆಟ್ಟಿನಿಂದ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆ ಇದೆ. ತೊಡಕಿರುವುದು ಹಣ ಹರಿಯುವ ದಿಕ್ಕಿನಲ್ಲಿ. ಕಟ್ಟಡಕ್ಕೆ ಟೆಂಡರ್ ಕರೆಯಬಹುದು, ಶಂಕುಸ್ಥಾಪನೆ ಮಾಡಬಹುದು, ಮಾರ್ಚ್ 31ರೊಳಗೆ ಬಿಲ್ಲು ಮಾಡಬಹುದು. ಅರಿವಳಿಕೆ ತಜ್ಞನೊಬ್ಬ ಐದು ವರ್ಷ ಅಫಜಲಪುರದಲ್ಲಿ ಉಳಿಯುವಂತೆ ಮಾಡಲು ಟೆಂಡರ್ ಕರೆಯುವಂತಿಲ್ಲ; ಪ್ರತಿ ವರ್ಷ, ಪ್ರತಿ ತಿಂಗಳು ಹಣವೂ ಗಮನವೂ ಬೇಕು. ಮಂಡಳಿಗಳಿಗೆ ಮೊದಲನೆಯದು ಸಲೀಸು, ಎರಡನೆಯದು ಕಷ್ಟ. ಆದ್ದರಿಂದಲೇ ಮೊದಲನೆಯದೇ ಆಗುತ್ತ ಬಂದಿದೆ.

ಬಡ ಪ್ರದೇಶವೊಂದು ಈ ಕಷ್ಟದ ದಾರಿ ಹಿಡಿದರೆ ಏನಾಗುತ್ತದೆಂದು ತಿಳಿಯಲು ದೂರದ ಕೆರಿಬಿಯನ್ ಸಮುದ್ರದ ಕ್ಯೂಬಾವನ್ನು ನೋಡಬೇಕು. 1959ರ ಕ್ರಾಂತಿಯ ನಂತರದ ವರ್ಷಗಳಲ್ಲಿ ಅಲ್ಲಿದ್ದ ಸುಮಾರು 6,000 ವೈದ್ಯರಲ್ಲಿ ಅರ್ಧದಷ್ಟು ಮಂದಿ ದೇಶ ಬಿಟ್ಟರು. ಉಳಿದವರಲ್ಲೂ ಹೆಚ್ಚಿನವರು ರಾಜಧಾನಿ ಹವಾನಾದವರು. ಹೊಸ ಸರ್ಕಾರ 1960ರಲ್ಲಿ ಗ್ರಾಮೀಣ ವೈದ್ಯಕೀಯ ಸೇವೆ ಆರಂಭಿಸಿ ಹೊಸದಾಗಿ ಓದು ಮುಗಿಸಿದವರನ್ನು ಗುಡ್ಡಗಾಡಿಗೆ, ಕಬ್ಬಿನ ಸೀಮೆಗೆ ಕಳಿಸಿತು. 1984ರಲ್ಲಿ ಅದು ಇನ್ನೊಂದು ಹೆಜ್ಜೆ ಇಟ್ಟು ಕುಟುಂಬ ವೈದ್ಯ ಮತ್ತು ನರ್ಸ್ ಯೋಜನೆ ತಂದಿತು. ಒಬ್ಬ ವೈದ್ಯ, ಒಬ್ಬ ನರ್ಸ್, ಅವರ ಜವಾಬ್ದಾರಿಗೆ ಸುಮಾರು 120 ಕುಟುಂಬ. ಕೆಳಗೆ ಚಿಕಿತ್ಸಾಲಯ, ಮೇಲೆ ವೈದ್ಯರ ಮನೆ. ಬೆಳಿಗ್ಗೆ ರೋಗಿಗಳನ್ನು ನೋಡುವುದು, ಮಧ್ಯಾಹ್ನ ಮನೆಗಳಿಗೆ ಹೋಗುವುದು. ಪ್ರತಿಯೊಬ್ಬರನ್ನೂ ಆರೋಗ್ಯವಂತರು, ಅಪಾಯದಂಚಿನಲ್ಲಿರುವವರು, ರೋಗಿಗಳು, ಅಂಗವಿಕಲತೆ ಇರುವವರು ಎಂದು ನಾಲ್ಕು ಗುಂಪಿನಲ್ಲಿ ಬರೆದಿಟ್ಟು, ಯಾರನ್ನು ವರ್ಷಕ್ಕೆ ಎಷ್ಟು ಸಲ ನೋಡಬೇಕೆಂದು ಮೊದಲೇ ಗೊತ್ತುಪಡಿಸಿದ್ದರು. ಇಂಥ ಹಲವು ಚಿಕಿತ್ಸಾಲಯಗಳ ಬೆನ್ನಿಗೆ ಒಂದು ಪಾಲಿಕ್ಲಿನಿಕ್, ಅದರ ಹಿಂದೆ ಆಸ್ಪತ್ರೆ. 2018ರ ಹೊತ್ತಿಗೆ ಅಲ್ಲಿ ಹುಟ್ಟುವ 1,000 ಶಿಶುಗಳಲ್ಲಿ ವರ್ಷದೊಳಗೆ ಸಾಯುತ್ತಿದ್ದವು 4. ಕರ್ನಾಟಕದಲ್ಲಿ 2020ರಲ್ಲಿ ಆ ಸಂಖ್ಯೆ 19. ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಹರಡುವುದನ್ನು ತಡೆದ ಮೊದಲ ದೇಶವೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯೂಬಾವನ್ನು ಮಾನ್ಯ ಮಾಡಿತು. ಅದು ಪ್ರತಿ ಗರ್ಭಿಣಿಯನ್ನು ಹೆಸರು ಹಿಡಿದು ಬಲ್ಲ ವ್ಯವಸ್ಥೆಯಿಂದಷ್ಟೇ ಆಗಬಲ್ಲ ಕೆಲಸ.

ಕ್ಯೂಬಾ ಏಕಪಕ್ಷದ ಸರ್ವಾಧಿಕಾರ, ಅಲ್ಲಿನ ವೈದ್ಯನಿಗೆ ಇಲ್ಲವೆನ್ನುವ ಹಕ್ಕಿಲ್ಲ, ಅದರ ಅಂಕಿಗಳನ್ನು ಹೇಗೆ ನಂಬುವುದು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಗುರಿ ಮುಟ್ಟಲೇಬೇಕೆಂಬ ಒತ್ತಡದಿಂದ ಹುಟ್ಟಿದ ಕೂಡಲೇ ಸತ್ತ ಕೆಲವು ಶಿಶುಗಳನ್ನು ಗರ್ಭದಲ್ಲೇ ಸತ್ತವೆಂದು ದಾಖಲಿಸಲಾಗುತ್ತದೆ ಎಂದು ಸಂಶೋಧಕರು ಆಕ್ಷೇಪಿಸಿದ್ದಾರೆ. ಇತ್ತೀಚಿನ ಆರ್ಥಿಕ ಕುಸಿತದಲ್ಲಿ ಅಲ್ಲಿ ಔಷಧಿಗಳಿಲ್ಲ, ಸಾವಿರಾರು ವೈದ್ಯರು ವಿದೇಶಗಳಲ್ಲಿದ್ದಾರೆ, ಶಿಶುಮರಣ 7ನ್ನು ದಾಟಿದೆ. ನಾನು ಆ ಆಡಳಿತವನ್ನು ಒಪ್ಪುವುದಿಲ್ಲ, ಅದನ್ನು ಇಲ್ಲಿಗೆ ತನ್ನಿ ಎನ್ನುವುದೂ ಇಲ್ಲ. ಅಂಕಿಗಳಲ್ಲಿ ಒಂದಷ್ಟು ಕಳೆದು ನೋಡಿದರೂ, ಕಡಿಮೆ ಹಣವಿದ್ದ ನಾಡೊಂದು ಮೊದಲು ಮನೆ ಬಾಗಿಲಿನ ವೈದ್ಯನನ್ನು ಕಟ್ಟಿ, ಆಮೇಲೆ ದೊಡ್ಡ ಆಸ್ಪತ್ರೆ ಕಟ್ಟಿದ್ದರಿಂದ ಪಡೆದ ಲಾಭ ಅಳಿಯುವುದಿಲ್ಲ. ವೈದ್ಯರು ಹೊರಟುಹೋದ ಮೇಲೆ ಸಾವು ಏರಿದ್ದು ಕೂಡ ಅದನ್ನೇ ತೋರಿಸುತ್ತದೆ. ಅದೇ ಸಮುದ್ರದ ಹೈಟಿಯಲ್ಲಿ ಹಳ್ಳಿಗಳಿಗೆ ಶುದ್ಧ ನೀರೂ ಹತ್ತಿರದ ಚಿಕಿತ್ಸೆಯೂ ಇರಲಿಲ್ಲ. 2010ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದಿಂದ ಕಾಲರಾ ಆರ್ಟಿಬೋನೀಟ್ ನದಿಯ ಹರಿವಿಗೆ ಸೇರಿತು. ನದಿಯ ನೀರನ್ನೇ ಕುಡಿಯುತ್ತಿದ್ದ ಊರುಗಳಿಗೆ ಹಬ್ಬಿ, ಮುಂದಿನ ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಜನರನ್ನು ಕಾಡಿ ಸುಮಾರು 10,000 ಮಂದಿಯನ್ನು ಕೊಂದಿತು. ಪ್ರವಾಹ ಇಳಿದ ಮೇಲೆ ಭೀಮೆಯ ದಂಡೆಯ ಬಾವಿ, ಬೋರ್‌ವೆಲ್‌ಗಳಿಗೆ ಕ್ಲೋರಿನ್ ಹಾಕುವವರು ಯಾರು, ಮೊದಲ ವಾಂತಿಭೇದಿ ಪ್ರಕರಣವನ್ನು ಅದೇ ದಿನ ವರದಿ ಮಾಡುವವರು ಯಾರು ಎಂದು ನಮ್ಮ ಜಿಲ್ಲೆಯೂ ಕೇಳಿಕೊಳ್ಳಬೇಕು.

ಇನ್ನೊಂದು ಆಕ್ಷೇಪ ನಮ್ಮವರದೇ. ಹೃದಯಾಘಾತ, ಕ್ಯಾನ್ಸರ್, ಕಿಡ್ನಿ ರೋಗ ಹಳ್ಳಿಗಳಲ್ಲೂ ಹೆಚ್ಚಿವೆ, ಅವಕ್ಕೆ ಜಯದೇವ, ಕಿದ್ವಾಯಿ ಬೇಡವೇ? ಖಂಡಿತ ಬೇಕು. ಆದರೆ ಹೃದಯಾಘಾತವನ್ನೇ ನೋಡಿ. ಎದೆನೋವು ಶುರುವಾದ ಮೊದಲ ತಾಸಿನಲ್ಲಿ ಇಸಿಜಿ ಆಗಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಬಿದ್ದರೆ ಹೃದಯದ ಸ್ನಾಯು ಉಳಿಯುತ್ತದೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ನಿಂತಿರುವುದೇ ಈ ತತ್ವದ ಮೇಲೆ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ಅದನ್ನು ಓದಲು ದೊಡ್ಡ ಕೇಂದ್ರದ ತಜ್ಞರು, ಚುಚ್ಚುಮದ್ದು ಉಚಿತ. ಜಯದೇವದ 371 ಹಾಸಿಗೆಗಳು ಆಳಂದದ ರೈತನಿಗೆ ಉಪಯೋಗಕ್ಕೆ ಬರಬೇಕಾದರೆ ಆಳಂದದ ದವಾಖಾನೆಯಲ್ಲಿ ನಡುರಾತ್ರಿ ಇಸಿಜಿ ತೆಗೆದು ಚುಚ್ಚುಮದ್ದು ಕೊಡುವ ಕೈ ಇರಬೇಕು. ಇಲ್ಲದಿದ್ದರೆ ಅವನು ಅಲ್ಲಿಗೆ ಮುಟ್ಟುವುದು ಸ್ನಾಯು ಸತ್ತ ಮೇಲೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಇದೇ ಕಲಬುರಗಿಯ 76 ವರ್ಷದ ಹಿರಿಯರದು. ಅವರನ್ನು ಹೈದರಾಬಾದಿಗೆ ಒಯ್ದು, ಮರಳಿ ತರುವ ದಾರಿಯಲ್ಲಿ ಜೀವ ಹೋಯಿತು. ಗಂಟಲ ದ್ರವದ ಮಾದರಿ ಬೆಂಗಳೂರಿಗೆ ಹೋಗಿತ್ತು, ಸೋಂಕು ದೃಢಪಟ್ಟದ್ದು ಸಾವಿನ ನಂತರ. ಆಗಲೂ ನಗರದಲ್ಲಿ ನಾಲ್ಕು ಮೆಡಿಕಲ್ ಕಾಲೇಜುಗಳಿದ್ದವು.

ಡಾಕ್ಟರುಗಳು ಬರುವುದೇ ಇಲ್ಲವಲ್ಲ ಎನ್ನುವುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಅದಕ್ಕೆ ಜಾಣ ಉತ್ತರ ಸಾಲದು. ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸಬೇಕಾಗುವ ಬಿಸಿಲು, ಮಕ್ಕಳಿಗೆ ಒಳ್ಳೆಯ ಶಾಲೆಯ ಚಿಂತೆ, ಸೋರುವ ವಸತಿಗೃಹ, ರೋಗಿ ಸತ್ತರೆ ಮೈಮೇಲೆ ಬರುವ ಗುಂಪು: ಇವನ್ನೆಲ್ಲ ಎದುರಿಸಿ ಇರು ಎಂದು ಯುವ ವೈದ್ಯೆಯೊಬ್ಬಳಿಗೆ ಬರೀ ಆದೇಶ ಕಳಿಸಿದರೆ ಅವಳು ಉಳಿಯುವುದಿಲ್ಲ. ಕಡ್ಡಾಯ ಗ್ರಾಮೀಣ ಸೇವೆಯ 2012ರ ಕಾಯ್ದೆಯನ್ನು 2023ರಲ್ಲಿ ಖಾಲಿ ಹುದ್ದೆಗಳಿದ್ದಷ್ಟೇ ಮಂದಿಗೆ ಎಂದು ಸಡಿಲಿಸಿದ್ದನ್ನು ನೋಡಿದರೆ ಒತ್ತಾಯದ ದಾರಿಯ ಮಿತಿ ಸರ್ಕಾರಕ್ಕೂ ಗೊತ್ತಾಗಿದೆ. ಒತ್ತಾಯದಿಂದ ಬಂದವರು ವರ್ಷ ತುಂಬಿದ ದಿನವೇ ಹೊರಡುತ್ತಾರೆ. ಯಾರು ಉಳಿಯುತ್ತಾರೆ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೂ 2021ರಲ್ಲೂ ಕೊಟ್ಟ ಮಾರ್ಗಸೂಚಿಗಳು ಒಂದೇ ಮಾತು ಹೇಳುತ್ತವೆ: ಹಳ್ಳಿಯಲ್ಲಿ ಬೆಳೆದವರನ್ನು ಆರಿಸಿ, ಹಳ್ಳಿಯ ಆಸ್ಪತ್ರೆಗಳಲ್ಲಿ ತರಬೇತಿ ಕೊಡಿ, ಮನೆ ಮತ್ತು ಮುಂದಿನ ಓದಿನ ಭರವಸೆ ಕೊಡಿ.

ಇಲ್ಲಿ 371(ಜೆ)ಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಪ್ರದೇಶದ ಕಾಲೇಜುಗಳಲ್ಲಿ ಸರ್ಕಾರ ಹಂಚುವ ಸೀಟುಗಳ ಶೇ. 70 ಸ್ಥಳೀಯರಿಗೆ ಮೀಸಲು. ಆದರೆ ಕಲಬುರಗಿ ನಗರದ ಖಾಸಗಿ ಶಾಲೆಯಲ್ಲಿ ಓದಿ ನೀಟ್ ಕೋಚಿಂಗ್ ಪಡೆದವರೂ ಸ್ಥಳೀಯರೇ, ಜೇವರ್ಗಿ ತಾಲ್ಲೂಕಿನ ಜೇರಟಗಿಯ ಸರ್ಕಾರಿ ಶಾಲೆಯ ಹುಡುಗಿಯೂ ಸ್ಥಳೀಯಳೇ. ಸೀಟು ಯಾರ ಪಾಲಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ. 7.5 ಒಳಮೀಸಲು ಕೊಟ್ಟಿತು, ನ್ಯಾಯಾಲಯದಲ್ಲೂ ಅದು ನಿಂತಿತು. 371(ಜೆ) ಸೀಟುಗಳೊಳಗೆ ನಂಜುಂಡಪ್ಪ ಪಟ್ಟಿಯ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ, ಕನ್ನಡ ಇರಲಿ ಉರ್ದು ಇರಲಿ ಮರಾಠಿ ಇರಲಿ, ಹತ್ತನೆಯವರೆಗೆ ಓದಿದವರಿಗೆ ಇಂಥದೊಂದು ಪಾಲು ಏಕಿರಬಾರದು? ಓದಿನ ಖರ್ಚು ಮಂಡಳಿಯದು, ಐದು ವರ್ಷ ತಾಲ್ಲೂಕಿನ ಸೇವೆ ಅವರದು, ಆ ಸೇವೆಯ ಬಳಿಕ ಸ್ನಾತಕೋತ್ತರ ಓದಿನಲ್ಲಿ ಆದ್ಯತೆ. ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟು ಮೀಸಲಿಡುವ ಅಧಿಕಾರ ರಾಜ್ಯಗಳಿಗಿದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆ ಮಕ್ಕಳು ಡಾಕ್ಟರಾಗಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮ ಈಗಾಗಲೇ ಇದೆ. ನಗರದ ನಾಲ್ಕು ಕಾಲೇಜುಗಳ ಪ್ರಸೂತಿ, ಅರಿವಳಿಕೆ, ಮಕ್ಕಳ ವಿಭಾಗದ ವಿದ್ಯಾರ್ಥಿಗಳನ್ನು ಆ ನಿಯಮದಡಿ ಸರದಿಯಲ್ಲಿ ಮೂರು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸಿ, ಮೇಲ್ವಿಚಾರಣೆಗೆ ಒಬ್ಬ ಹಿರಿಯರನ್ನು ಕೊಡುವುದು ಮಂಡಳಿಗೆ ಅಸಾಧ್ಯವಲ್ಲ. ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ತುರ್ತು ಅರಿವಳಿಕೆಗೆ ಸಿದ್ಧಪಡಿಸುವ ಕ್ರಮ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿದೆ. ಕೆಳಗಿನ ಹಂತದಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಕೂತು ಹೋರಾಡಿದ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಕ್ಯೂಬಾದ ವೈದ್ಯ ಮತ್ತು ನರ್ಸ್ 120 ಕುಟುಂಬಗಳಿಗೆ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ನಮ್ಮಲ್ಲಿ ಮಾಡುತ್ತಿರುವವಳು ಆಶಾ ಕಾರ್ಯಕರ್ತೆ. ಅವಳ ಹಿಂದೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅವರ ಹಿಂದೆ ವೈದ್ಯ ನಿಂತರೆ ಕುಟುಂಬಗಳ ಲೆಕ್ಕವನ್ನು ಇಲ್ಲೂ ಇಡಬಹುದು. ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದನ್ನು ಹಿಡಿಯಬೇಕಾದದ್ದು ಹೆರಿಗೆ ಕೋಣೆಯಲ್ಲಲ್ಲ, ಮದುವೆಗೂ ಮೊದಲು, ಮನೆಯ ಹೊಸ್ತಿಲಲ್ಲಿ.

ಆಯುಷ್ಮಾನ್ ಕಾರ್ಡಿದೆ, ಖಾಸಗಿಯಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಇಷ್ಟೆಲ್ಲ ಏಕೆ ಎನ್ನುವವರಿಗೆ ಉತ್ತರ ಚಿಕ್ಕದು. ಕಾರ್ಡು ಆಸ್ಪತ್ರೆಗೆ ಸೇರಿದ ಮೇಲಿನ ಬಿಲ್ಲಿನ ಮಾತು. ಸೇರುವ ಮೊದಲಿನ ಎರಡು ಗಂಟೆ, ಸಿಕ್ಕದ ಗಾಡಿ, ಜೊತೆಗೆ ಹೋದವರು ಕಳಕೊಂಡ ಕೂಲಿ ಅದರಲ್ಲಿ ಬರೆದಿಲ್ಲ.

ಕಲ್ಯಾಣ ಕರ್ನಾಟಕ ಮಂಡಳಿ ಮುಂದಿನ ಕ್ರಿಯಾಯೋಜನೆ ಮಾಡುವಾಗ ಈ ಮೂರು ತಾಲ್ಲೂಕುಗಳಿಗಾದರೂ ಒಂದು ಹೊಸ ಅಳತೆ ಇಟ್ಟುಕೊಳ್ಳಲಿ. ತಿಂಗಳ 30 ರಾತ್ರಿಗಳಲ್ಲಿ ಎಷ್ಟು ರಾತ್ರಿ ಸಿಸೇರಿಯನ್ ಮಾಡುವ ತಂಡ ಪೂರ್ತಿ ಹಾಜರಿತ್ತು, ಎಷ್ಟು ರೋಗಿಗಳನ್ನು ಯಾವ ಕಾರಣಕ್ಕೆ ಮುಂದಕ್ಕೆ ಬರೆದು ಕೊಟ್ಟರು, ಪ್ರತಿವಿಷ ಎಷ್ಟು ದಿನ ಮುಗಿದಿತ್ತು ಎಂಬುದನ್ನು ಪ್ರತಿ ಆಸ್ಪತ್ರೆಯೂ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಗಳ ಬೋರ್ಡಿನಲ್ಲಿ ಹಾಕಲಿ. ವಸತಿಗೃಹಗಳ ದುರಸ್ತಿ, ತಜ್ಞರಿಗೆ ಹೆಚ್ಚುವರಿ ಭತ್ಯೆ, ಕಾವಲು, ರಕ್ತ ಶೇಖರಣಾ ಘಟಕದ ನಿರ್ವಹಣೆಗೆ ಬೇಕಾದ ಹಣವನ್ನು ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ ಒಟ್ಟಿಗೆ ಮಂಜೂರು ಮಾಡಲಿ. ಜೇವರ್ಗಿಯಲ್ಲಿ ಈ ಕೆಲಸ ಮಳೆಗಾಲಕ್ಕೆ ಮುನ್ನ, ಸೇತುವೆಯ ಮೇಲೆ ನೀರು ಬರುವ ಮುನ್ನ ಶುರುವಾಗಲಿ.